ಎಲೆನಾ ಅಜ್ಜಿಯ ಅಡುಗೆಮನೆಯಲ್ಲಿ ಪಲೋಮ

ವನಗೂರು ಬಿಟ್ಟು

ಟೆಕಿಲಾ ಎಂಬ ಹೆಂಡ ಹುಟ್ಟುವ ಸೀಮೆಗೆ ಹೋಗಿ ನಮ್ಮ ಮನೆಯವರು ಮೂರು ಸಂಜೆ ಹಾಲು ಕುಡಿದರು. ಟೆಕಿಲಾ ಕುಡಿದವಳು ನಾನು. ಊರಿಗೆ ಬಂದು ಇದನ್ನು ಹೇಳಿದಾಗ ಕೇಳಿದವರೆಲ್ಲ ನಾನು ಮಾತು ಹಿಂದುಮುಂದು ಮಾಡುತ್ತಿದ್ದೇನೆ ಎಂದುಕೊಂಡರು. ಹಾಗಾಗಿ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ನಮ್ಮದು ವನಗೂರಿನ ಹತ್ತಿರ ಒಂದು ಸಣ್ಣ ಕಾಫಿ ತೋಟ, ನಡುವೆ ಸ್ವಲ್ಪ ಏಲಕ್ಕಿ. ಮನೆಯಲ್ಲಿ ನಮ್ಮ ಅತ್ತೆ, ನಮ್ಮ ಮನೆಯವರು, ನಾನು. ಮಗಳು ಹಾಸನದಲ್ಲಿ ಹಾಸ್ಟೆಲ್‌ನಲ್ಲಿದ್ದು ಓದುತ್ತಿದ್ದಳು. ಮೊಬೈಲ್ ಫೋನು ಪೇಟೆಗೆ ಬಂದಿದ್ದರೂ ನಮ್ಮ ಗುಡ್ಡಕ್ಕೆ ಇನ್ನೂ ಹತ್ತಿರಲಿಲ್ಲ. ಕಾಫಿ ರೇಟು ಬಿದ್ದುಹೋಗಿದ್ದ ಕಾಲ ಅದು. ಬೇರೆ ದೇಶದ ಬೆಳೆಗಾರರು ಏನು ಮಾಡಿ ಬದುಕುತ್ತಿದ್ದಾರೆ ನೋಡಿ ಬರೋಣ ಎಂದು ನಮ್ಮ ಕಡೆಯ ಒಂದಷ್ಟು ಜನ ಸೇರಿ, ಕುಯ್ಲು ಮುಗಿದ ಮೇಲೆ, ಮೆಕ್ಸಿಕೋಗೆ ಹೊರಟರು. ಗಂಡಸರದೇ ಗುಂಪು. ನಾನೂ ಬರುತ್ತೇನೆ ಎಂದಾಗ ನಮ್ಮ ಮನೆಯವರು ಹುಬ್ಬೇರಿಸಿದರು. ತೋಟದ ಅರ್ಧ ಕೆಲಸ ನೋಡುವವಳು ನಾನು, ದೇಶ ನೋಡುವುದಕ್ಕೆ ಮಾತ್ರ ನೀವೊಬ್ಬರೇ ಯಾಕೆ ಎಂದು ಕೇಳಿದೆ. ಅತ್ತೆ ನನ್ನ ಪಕ್ಷ ವಹಿಸಿದರು. "ಹೋಗ್ಬರ್ಲಿ ಬುಡೋ. ಅವ್ಳು ಜೊತೇಲಿದ್ರೆ ನಿಂಗೂ ಹೊತ್ತಿಗೆ ಸರಿಯಾಗಿ ಊಟ ಆಯ್ತದೆ," ಎಂದರು. ಅವರ ಜೊತೆಗಿರಲು ಆನೇಮಹಲ್‌ನಿಂದ ನನ್ನ ನಾದಿನಿ ಬಂದಳು.

ನಮ್ಮ ಕಡೆಯ ಒಂದು ರೀತಿಯನ್ನು ಇಲ್ಲೇ ಹೇಳಿಬಿಡಬೇಕು. ನಮ್ಮಲ್ಲಿ ಗಂಡಸರು ಕುಡಿಯುತ್ತಾರೆ, ಆದರೆ ಮನೆಯಲ್ಲಿ ಕುಡಿಯುವುದಿಲ್ಲ. ತಾಯಿಯ ಎದುರು, ಹೆಂಡತಿಯ ಎದುರು ಲೋಟ ಹಿಡಿಯುವುದು ಮರ್ಯಾದೆ ಅಲ್ಲ. ಕುಡಿಯುವುದೇನಿದ್ದರೂ ಕ್ಲಬ್ಬಿನಲ್ಲಿ, ಕಾಫಿ ತುಂಬಿಡುವ ಸ್ಟೋರಿನ ಗೋಣಿಗಳ ಮರೆಯಲ್ಲಿ, ಮದುವೆ ಮನೆಗೆ ಹೋದರೆ ಜೀಪಿನ ಹಿಂದೆ. ಆಮೇಲೆ ಬಾಯಿಗೆ ಎರಡು ಏಲಕ್ಕಿ ಹಾಕಿಕೊಂಡು ಮನೆಗೆ ಬರುತ್ತಾರೆ. ಎಲ್ಲಿಗೆ ಹೋಗಿದ್ದಿರಿ ಎಂದರೆ ಮೀಟಿಂಗ್ ಇತ್ತು ಎನ್ನುತ್ತಾರೆ. ಹೆಂಗಸರಾದ ನಾವು ಏಲಕ್ಕಿ ವಾಸನೆಯನ್ನು ನಂಬಿದವರ ಹಾಗೆ ಅನ್ನ ಬಡಿಸುತ್ತೇವೆ.

ನಮ್ಮ ಮನೆಯವರಿಗೆ ಪ್ರತಿ ಶನಿವಾರ ಸಕಲೇಶಪುರದಲ್ಲಿ ಮೀಟಿಂಗ್. ವಾಪಸು ಬರುವುದು ತಾವೇ ಜೀಪು ಓಡಿಸಿಕೊಂಡು. ನಮ್ಮ ರಸ್ತೆ ಗೊತ್ತಿದ್ದವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಹಿಂದಿನ ವರ್ಷ ಅವರ ಕ್ಲಬ್ಬಿನ ಗೆಳೆಯರೊಬ್ಬರ ಜೀಪು ಒಂದು ತಿರುವಿನಲ್ಲಿ ಕೆಳಗಿನ ತೋಟಕ್ಕೆ ಉರುಳಿ, ಅವರು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದರು. ಅವರು ಅವತ್ತು ಎಲ್ಲಿಂದ ಬರುತ್ತಿದ್ದರು ಎಂದು ಊರಿಗೆಲ್ಲ ಗೊತ್ತು, ಯಾರೂ ಬಾಯಿ ಬಿಡಲಿಲ್ಲ. ಅಂದಿನಿಂದ ನನಗೆ ಶನಿವಾರ ಬಂದರೆ ಭಯವಾಗುತ್ತಿತ್ತು. ಹೇಳೋಣವೆಂದರೆ ಎಲ್ಲಿಂದ ಶುರುಮಾಡುವುದು? ಕುಡಿಯುವುದೇ ಇಲ್ಲ ಎನ್ನುವವರಿಗೆ ಕುಡಿದು ಗಾಡಿ ಓಡಿಸಬೇಡಿ ಎಂದು ಹೇಗೆ ಹೇಳುವುದು?

ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ಬದಲಾಯಿಸುವಾಗ ನಮ್ಮ ಮನೆಯವರ ಸೂಟ್‌ಕೇಸ್ ಮಾತ್ರ ಬೇರೆ ದಾರಿ ಹಿಡಿಯಿತು. ನನ್ನದು ಬಂತು. ಅದರಲ್ಲಿ ಇದ್ದದ್ದು ನನ್ನ ಸೀರೆಗಳು, ಮಿಡಿ ಉಪ್ಪಿನಕಾಯಿ, ಮೂರು ಪೊಟ್ಟಣ ಕಾಫಿಪುಡಿ.

ಗ್ವಾದಲಹಾರದಿಂದ ಬಸ್ಸಿನಲ್ಲಿ

ಗ್ವಾದಲಹಾರ ಎಂಬ ಊರು ಬಿಟ್ಟ ಮೇಲೆ ಎರಡೂ ಕಡೆ ಬಯಲು ನೀಲಿ ಬಣ್ಣಕ್ಕೆ ತಿರುಗಿತು. ಮೊದಲು ಕೆರೆ ಎಂದುಕೊಂಡೆ. ಹತ್ತಿರ ಬಂದಾಗ ನೋಡಿದರೆ ಸಾಲುಸಾಲಾಗಿ ಕತ್ತಾಳೆ.

ನನ್ನ ತವರು ಆಲೂರಿನ ಕಡೆ. ಅಲ್ಲಿ ಕತ್ತಾಳೆ ಇಲ್ಲದ ಬೇಲಿ ಇರಲಿಲ್ಲ. ಎಲೆ ಕೊಯ್ದು ಕೆರೆಯಲ್ಲಿ ಕೊಳೆಹಾಕಿ, ಬಡಿದು ನಾರು ತೆಗೆದು, ನಮ್ಮಪ್ಪ ಹಗ್ಗ ಹೊಸೆಯುತ್ತಿದ್ದರು. ಕೊಳೆತ ಕತ್ತಾಳೆಯ ನಾತ ಕೆರೆ ಏರಿಯವರೆಗೂ ಬರುತ್ತಿತ್ತು. ಇಲ್ಲಿ ಅದನ್ನೇ ರಾಗಿ ಹೊಲದ ಹಾಗೆ ಅಚ್ಚುಕಟ್ಟಾಗಿ ಬೆಳೆಸಿ, ಕಳೆ ಕಿತ್ತು, ಏಳೆಂಟು ವರ್ಷ ಕಾದು, ಎಲೆಯನ್ನೆಲ್ಲ ಕತ್ತರಿಸಿ ಎಸೆದು, ನಡುವಿನ ಗೆಡ್ಡೆಯನ್ನು ಬೇಯಿಸಿ ಟೆಕಿಲಾ ಮಾಡುತ್ತಾರೆ. ನಮ್ಮದು ಹಸಿರು ಜಾತಿ, ಅವರದು ನೀಲಿ ಜಾತಿ. ಆದರೂ ನಾವು ಎಲೆ ಇಟ್ಟುಕೊಂಡು ಗೆಡ್ಡೆ ಬಿಟ್ಟವರು, ಇವರು ಎಲೆ ಬಿಟ್ಟು ಗೆಡ್ಡೆ ಹಿಡಿದವರು ಎಂದು ಯೋಚಿಸಿ ನನಗೆ ಒಬ್ಬಳಿಗೇ ನಗು ಬಂತು.

ಬಸ್ಸು ಒಂದು ಕಡೆ ನಿಂತಾಗ ಗಂಡಸರೆಲ್ಲ ಹೊಲಕ್ಕೆ ನುಗ್ಗಿದರು. ಉದ್ದ ಹಿಡಿಯ ದುಂಡು ಗುದ್ದಲಿಯಿಂದ ಒಬ್ಬಾತ ಎಲೆ ಸವರುತ್ತಿದ್ದ. ಎಲೆ ಹೋದ ಮೇಲೆ ಉಳಿದ ಗೆಡ್ಡೆ ನಮ್ಮ ದೊಡ್ಡ ಹಲಸಿನಕಾಯಿಯಷ್ಟಿತ್ತು. ನಮ್ಮ ಮನೆಯವರು ಕತ್ತರಿಸಿದ ಎಲೆ ಎತ್ತಿ ಮೂಸಿ ನೋಡುತ್ತಿದ್ದರು.

"ರೀ, ಅದನ್ನ ಮುಟ್ಬೇಡಿ, ಕಡೀತದೆ," ಎಂದೆ.

"ಇದು ನಿಮ್ಮಪ್ಪನ ಬೇಲಿ ಕತ್ತಾಳೆ ಅಲ್ಲ ಕಣೇ," ಎಂದರು.

ಅರ್ಧ ಗಂಟೆಯಲ್ಲಿ ಎರಡೂ ಮುಂಗೈ ಕೆಂಪಗೆ ದದ್ದು ಎದ್ದು, ಉಳಿದ ದಾರಿಯೆಲ್ಲ ಕೆರೆದುಕೊಳ್ಳುತ್ತಾ ಕೂತರು. ನಮ್ಮ ಗುಂಪಿನಲ್ಲಿದ್ದ ಮಂಜಣ್ಣ ಹಾನುಬಾಳಿನವರು, ನಮ್ಮ ಮನೆಯವರ ಕ್ಲಬ್ಬಿನ ಗೆಳೆಯರು. "ಕುಡಿಯೋಕೆ ಮುಂಚೇನೇ ಹತ್ಬುಡ್ತಲ್ಲೋ ಮಾರಾಯ," ಎಂದು ಅವರು ಹೇಳಿ, ಹಿಂದಿನ ಸೀಟಿನಲ್ಲಿ ನಾನಿರುವುದು ನೆನಪಾಗಿ ಕಿಟಕಿಯ ಕಡೆ ತಿರುಗಿದರು.

ಕೊಂಪೊಸ್ತೆಲಾ, ಮೊದಲ ಸಂಜೆ

ಬಯಲಿನಿಂದ ಗುಡ್ಡ ಹತ್ತಿದರೆ ಕೊಂಪೊಸ್ತೆಲಾ. ಅದರ ಸುತ್ತ ಕಾಫಿ ತೋಟಗಳು. ಮರದ ನೆರಳು, ಕಡಿದಾದ ದಾರಿ, ಕೆಂಪು ಹೆಂಚು ಎಲ್ಲ ನಮ್ಮ ಕಡೆಯ ಹಾಗೇ ಇತ್ತು. ಗಿಡ ಮಾತ್ರ ನಮ್ಮವಕ್ಕಿಂತ ಎತ್ತರ, ಕಸಿ ಮಾಡುವುದರಲ್ಲಿ, ಅಂದರೆ ರೆಂಬೆ ಸವರುವುದರಲ್ಲಿ, ಅವರು ನಮ್ಮಷ್ಟು ಕಟ್ಟುನಿಟ್ಟಲ್ಲ. ಗುಂಪಿನ ಒಬ್ಬೊಬ್ಬರನ್ನು ಒಂದೊಂದು ಬೆಳೆಗಾರರ ಮನೆಯಲ್ಲಿ ಉಳಿಸಿದರು. ನಾವು ಗಂಡಹೆಂಡತಿ ಎಂದು ನಮಗೆ ಎಲೆನಾ ಅಜ್ಜಿಯ ಮನೆ ಸಿಕ್ಕಿತು.

ಅಜ್ಜಿಗೆ ನಮ್ಮ ಅತ್ತೆಯ ವಯಸ್ಸೇ ಇರಬೇಕು. ಗಿಡ್ಡ ಆಳು, ಬಿಳಿ ಜಡೆ, ಹೂವಿನ ಏಪ್ರನ್ನು, ಅದಕ್ಕೆ ಮುಂದೆ ದೊಡ್ಡ ಜೇಬು. ಗಂಡ ತೀರಿಕೊಂಡ ಮೇಲೆ ತೋಟ ನೋಡಿಕೊಳ್ಳುತ್ತಿರುವುದು ಅವರೇ. ಮಗಳು ಮಾರ್ತಾ ಶಾಲೆಯ ಮೇಷ್ಟ್ರಮ್ಮ, ಇಂಗ್ಲಿಷ್ ಬರುತ್ತಿತ್ತು. ಅಜ್ಜಿ ಹೇಳಿದ್ದನ್ನು ಅವಳು ನನಗೆ ಹೇಳುತ್ತಿದ್ದಳು, ನಾನು ಬಿ.ಎ.ಯಲ್ಲಿ ಕಲಿತ ಇಂಗ್ಲಿಷ್ ಕೊಡವಿಕೊಂಡು ಅವಳಿಗೆ ಹೇಳುತ್ತಿದ್ದೆ. ನಮ್ಮ ಮನೆಯವರಿಗೆ ಇಂಗ್ಲಿಷ್ ಅರ್ಥವಾಗುತ್ತದೆ, ಹೆಂಗಸರ ಎದುರು ಮಾತಾಡಲು ಮಾತ್ರ ಸಂಕೋಚ.

ಬಟ್ಟೆ ಕಳೆದುಹೋದ ವಿಷಯ ಕೇಳಿ ಅಜ್ಜಿ ಒಳಗೆ ಹೋಗಿ ತನ್ನ ಗಂಡನ ಕಸೂತಿ ಅಂಗಿಯೊಂದನ್ನು ತಂದರು. ಅಳತೆ ಸರಿಯಾಗಿತ್ತು. ಅಂಗಿ ಹಾಕಿಕೊಂಡು ಬಂದವರನ್ನು ಅಜ್ಜಿ ಮೇಲಿಂದ ಕೆಳಕ್ಕೆ ನೋಡಿ, ಕಾಲರ್ ಸರಿಮಾಡಿ, ಕೆನ್ನೆ ತಟ್ಟಿದರು. ನಮ್ಮ ಮನೆಯವರು ಶಾಲೆಯ ಹುಡುಗನ ಹಾಗೆ ಕೈಕಟ್ಟಿ ನಿಂತಿದ್ದರು.

ಆಮೇಲೆ ಅಡುಗೆಮನೆಗೆ ಕರೆದರು. ಅಲ್ಲಿ ಊಟದ ಮೇಜಿನ ನಟ್ಟನಡುವೆ, ಉಪ್ಪಿನ ಬಟ್ಟಲಿನ ಪಕ್ಕ, ರೊಟ್ಟಿ ಸುತ್ತಿಟ್ಟ ಬಟ್ಟೆಯ ಪಕ್ಕ ಟೆಕಿಲಾ ಬಾಟಲಿ ಇತ್ತು. ಮುಚ್ಚಿಲ್ಲ, ಮರೆಯಿಲ್ಲ. ನಮ್ಮ ಮನೆಯ ಅಡುಗೆಮನೆಯಲ್ಲಿ ಹಾವು ಕಂಡಿದ್ದರೂ ನಾನು ಅಷ್ಟು ಬೆರಗಾಗುತ್ತಿರಲಿಲ್ಲ. ಅಜ್ಜಿ ಬಾಟಲಿ ಎತ್ತಿ ನಮ್ಮ ಮನೆಯವರ ಕಡೆ ತಿರುಗಿ ಏನೋ ಕೇಳಿದರು. ಮಾರ್ತಾ ಹೇಳುವ ಅಗತ್ಯವೇ ಇರಲಿಲ್ಲ.

ಎದುರಿಗೆ ತಾಯಿಯಂಥ ಮುದುಕಿ, ಪಕ್ಕದಲ್ಲಿ ಹೆಂಡತಿ, ಮೈಮೇಲೆ ಆ ಮುದುಕಿಯ ಗಂಡನ ಅಂಗಿ. ನಮ್ಮ ಮನೆಯವರು ಎರಡೂ ಕೈ ಮುಗಿದು, "ನೋ, ನೋ. ಐ ನೆವರ್ ಡ್ರಿಂಕ್," ಎಂದರು. ಅಷ್ಟು ಸ್ಪಷ್ಟವಾದ ಇಂಗ್ಲಿಷನ್ನು ಅವರ ಬಾಯಲ್ಲಿ ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ನಮ್ಮ ಕಡೆ ಆಗಿದ್ದರೆ ಮನೆಯ ಯಜಮಾನ ಸುಮ್ಮನೆ ತಲೆಯಾಡಿಸಿ, ಊಟಕ್ಕೆ ಮುಂಚೆ ಬನ್ನಿ ತೋಟ ನೋಡಿಬರೋಣ ಎಂದು ಅವರನ್ನು ಸ್ಟೋರಿನ ಕಡೆ ಕರೆದುಕೊಂಡು ಹೋಗುತ್ತಿದ್ದ. ಅಜ್ಜಿಗೆ ಆ ಪಾಠ ಗೊತ್ತಿರಲಿಲ್ಲ. ಇಲ್ಲ ಎಂದರೆ ಇಲ್ಲ ಎಂದು ತಿಳಿದು, ಮೆಚ್ಚಿಗೆಯಿಂದ ತಲೆಯಾಡಿಸಿ, ಚಕ್ಕೆ ಹಾಕಿ ಕಾಯಿಸಿದ ಹಾಲನ್ನು ಅವರ ಮುಂದಿಟ್ಟರು. ಬಾಟಲಿ ನನ್ನ ಕಡೆ ತಿರುಗಿತು.

ನಾನು ಹುಟ್ಟಿದಂದಿನಿಂದ ಹೆಂಡದ ಹನಿ ಮುಟ್ಟಿದವಳಲ್ಲ. ಬೇಡ ಎನ್ನಬೇಕಿತ್ತು. ಆದರೆ ಬೇಲಿಯ ಕತ್ತಾಳೆಯೊಳಗೆ ಏನಿದೆ ಎಂಬ ಕುತೂಹಲ ಬಸ್ಸಿನಿಂದಲೇ ತಲೆ ತಿನ್ನುತ್ತಿತ್ತು. ಜೊತೆಗೆ ಪಕ್ಕದಲ್ಲಿ ಹಾಲಿನ ಲೋಟ ಹಿಡಿದು ಕೂತವರ ಮುಖ ನೋಡಿ ಒಳಗೊಳಗೇ ಒಂದು ತುಂಟತನ ಎದ್ದಿತು. "ಸ್ವಲ್ಪ," ಎಂದೆ.

ಎರಡನೆಯ ದಿನ

ಮೊದಲ ದಿನ ಅಜ್ಜಿ ಟೆಕಿಲಾಗೆ ಹಣ್ಣಿನ ರಸ ಬೆರೆಸಿ ಕೊಟ್ಟ ಪಲೋಮ ಎಂಬ ಪಾನೀಯವನ್ನು ಸುಮ್ಮನೆ ಕುಡಿದೆ. ಎರಡನೆಯ ದಿನ ಹೇಗೆ ಮಾಡುವುದು ಎಂದು ಕೇಳಿದೆ. ಅಜ್ಜಿಗೆ ಅದು ತುಂಬ ಹಿಡಿಸಿತು. ನನ್ನ ಸೀರೆಯ ಮೇಲೆ ತಮ್ಮದೇ ಒಂದು ಏಪ್ರನ್ನು ಕಟ್ಟಿ ಹಿತ್ತಲಿಗೆ ಕರೆದುಕೊಂಡು ಹೋದರು.

ಹಿತ್ತಲಿನ ಮರದಲ್ಲಿದ್ದ ಹಣ್ಣಿಗೆ ಅವರು ತೊರೊಂಹಾ ಎನ್ನುತ್ತಾರೆ. ಕಿತ್ತಳೆಗಿಂತ ದೊಡ್ಡದು, ನಮ್ಮ ಚಕ್ಕೋತಕ್ಕಿಂತ ಚಿಕ್ಕದು, ಒಳಗೆ ತಿಳಿಗೆಂಪು, ರುಚಿ ಚಕ್ಕೋತದ್ದೇ, ಸ್ವಲ್ಪ ಕಹಿ ಹೆಚ್ಚು. ಹುಳಿಸಿಹಿ ಹಣ್ಣಿಗೆ ಉಪ್ಪು ಖಾರ ಹಚ್ಚಿ ತಿನ್ನುವುದು ನಮ್ಮ ಹಾಗೆ ಅವರಿಗೂ ಅಭ್ಯಾಸ. ಅಜ್ಜಿ ಒಂದು ತೊಳೆ ಕಿತ್ತು, ಉಪ್ಪು ಮೆಣಸಿನಪುಡಿ ಉದುರಿಸಿ ನನ್ನ ಬಾಯಿಗಿಟ್ಟಾಗ ಇವರು ನಮ್ಮ ಪೈಕಿಯವರೇ ಅನ್ನಿಸಿತು.

ಪಲೋಮ ಎಂದರೆ ಪಾರಿವಾಳವಂತೆ. ಯಾಕೆ ಆ ಹೆಸರು ಎಂದರೆ ಅಜ್ಜಿಗೂ ಗೊತ್ತಿಲ್ಲ, ಮಾರ್ತಾಗೂ ಗೊತ್ತಿಲ್ಲ. ಮಾಡುವುದು ನಮ್ಮ ಪಾನಕಕ್ಕಿಂತ ಸುಲಭ. ದಪ್ಪ ಉಪ್ಪನ್ನು ತಟ್ಟೆಗೆ ಹರಡಬೇಕು. ನಿಂಬೆ ಹೋಳಿನಿಂದ ಲೋಟದ ಅಂಚು ಒರೆಸಿ, ಲೋಟವನ್ನು ಉಪ್ಪಿನ ಮೇಲೆ ಬೋರಲು ಹಾಕಿ ತಿರುವಿದರೆ ಅಂಚಿಗೆ ಉಪ್ಪು ಕೂರುತ್ತದೆ. ನಾನು ಮಜ್ಜಿಗೆಗೆ ಹಾಕುವ ರೂಢಿಯಲ್ಲಿ ಒಂದು ಚಿಟಿಕೆ ತೆಗೆದು ಲೋಟದ ಒಳಗೇ ಹಾಕಿದೆ. ಅಜ್ಜಿ ನನ್ನ ಕೈ ಹಿಡಿದು ನಿಲ್ಲಿಸಿ, ಆಮೇಲೆ ಒಂದು ಕ್ಷಣ ಯೋಚಿಸಿ, ಇರಲಿ ಬಿಡು ಎನ್ನುವ ಹಾಗೆ ತಲೆಯಾಡಿಸಿದರು. ಬಳಿಕ ಟೆಕಿಲಾ, ಎರಡು ಬೆರಳಿನಷ್ಟು. ಅಜ್ಜಿ ನಿಜವಾಗಿ ಬೆರಳಿಟ್ಟು ಅಳೆಯುತ್ತಿದ್ದರು. ಅರ್ಧ ನಿಂಬೆಹಣ್ಣಿನ ರಸ. ತೊರೊಂಹಾ ರಸಕ್ಕೆ ಸ್ವಲ್ಪ ಸಕ್ಕರೆ ಕದಡಿ ಅರ್ಧ ಲೋಟ. ಪೇಟೆಯವರು ಇದರ ಬದಲು ಅಂಗಡಿಯ ಬಣ್ಣದ ಸೋಡಾ ಸುರಿಯುತ್ತಾರೆ ಎಂದು ಮಾರ್ತಾ ಹೇಳಿದಳು. ಅಜ್ಜಿ ಮೂಗು ಮುರಿದರು.

ಕೊನೆಗೆ ಬಣ್ಣವಿಲ್ಲದ ಸಾದಾ ಸೋಡಾ ಸುರಿಯಲು ಹೋದೆ, ಅಷ್ಟರಲ್ಲಿ ಹಿಂದಿನಿಂದ ಕನ್ನಡ ಕೇಳಿಸಿತು. "ಮೊದ್ಲು ಐಸ್ ಹಾಕೇ. ಆಮೇಲೆ ಸೋಡಾ."

ತಿರುಗಿ ನೋಡಿದೆ. ನಮ್ಮ ಮನೆಯವರು ಬಾಗಿಲಿಗೆ ಒರಗಿ, ಕತ್ತು ಉದ್ದ ಮಾಡಿ ನೋಡುತ್ತಿದ್ದರು. ಕೈಯಲ್ಲಿ ಹಾಲಿನ ಲೋಟ.

"ನಿಮ್ಗೆ ಹೆಂಗೆ ಗೊತ್ತು?" ಎಂದೆ.

"ಯಾರೋ ಹೇಳ್ತಿದ್ರು," ಎಂದು ವರಾಂಡದ ಕಡೆ ಹೋದರು.

ಅಜ್ಜಿ ಅವರು ಏನಂದರು ಎಂದು ಕೇಳಿದರು. ಬಿಸಿಲು ಜಾಸ್ತಿ ಎಂದರು ಎಂದೆ. ಐಸು ಮೊದಲು ಹಾಕಿದೆ, ಆಮೇಲೆ ಸೋಡಾ. ಅವರು ಹೇಳಿದ್ದು ಸರಿಯಾಗಿತ್ತು.

ನಾಚಿಕೆ ಬಿಟ್ಟು ಹೇಳುತ್ತೇನೆ, ಅದು ಬಹಳ ಚೆನ್ನಾಗಿತ್ತು. ಮೊದಲು ತುಟಿಗೆ ಉಪ್ಪು, ನಾಲಿಗೆಗೆ ಹುಳಿ, ಹಿಂದೆಯೇ ಚಕ್ಕೋತದ ಸಿಪ್ಪೆಯ ಕಹಿ, ಗಂಟಲು ದಾಟಿದ ಮೇಲೆ ಹಸಿ ಎಲೆ ಹಿಸುಕಿದಂಥ ಒಂದು ಘಾಟು. ಏಪ್ರಿಲ್‌ನ ಸೆಕೆಗೆ ಮೈಯೆಲ್ಲ ತಂಪಾಯಿತು. ತಲೆ ಸ್ವಲ್ಪ ಹಗುರಾದದ್ದೂ ನಿಜ. ಒಂದೇ ಲೋಟಕ್ಕೆ ನಿಲ್ಲಿಸಿದೆ, ಅಜ್ಜಿಯೂ ಯಾರಿಗೂ ಎರಡನೆಯದು ಕೊಡುತ್ತಿರಲಿಲ್ಲ.

ಆ ಸಂಜೆ ಪಕ್ಕದ ತೋಟದವನೊಬ್ಬ ತನ್ನ ಹಳೆಯ ಟ್ರಕ್ಕಿನಲ್ಲಿ ಬಂದ. ಅಜ್ಜಿ ಅವನಿಗೂ ಒಂದು ಲೋಟ ಕೊಟ್ಟರು. ಅವನು ಲೋಟಕ್ಕೆ ಕೈ ಹಾಕುವ ಮುಂಚೆ ಟ್ರಕ್ಕಿನ ಕೀ ತೆಗೆದು ಅಜ್ಜಿಯ ಏಪ್ರನ್ನಿನ ಜೇಬಿಗೆ ಹಾಕಿದ, ಚಪ್ಪಲಿ ಹೊರಗೆ ಬಿಟ್ಟಷ್ಟು ಸಲೀಸಾಗಿ. ಮಾತಾಡಿ, ನಕ್ಕು, ನಡೆದುಕೊಂಡು ಮನೆಗೆ ಹೋದ. ಟ್ರಕ್ಕು ಅಂಗಳದಲ್ಲೇ ಉಳಿಯಿತು. ನಾನು ಮಾರ್ತಾಳನ್ನು ಕೇಳಿದೆ.

"ಅಮ್ಮನ ಕಾನೂನು," ಎಂದಳು. "ಈ ಮೇಜಿನಲ್ಲಿ ಕುಡಿದವರು ಕೀ ಕೊಡಬೇಕು. ನಡೆಯುವಷ್ಟು ದೂರವಾದರೆ ನಡೆಯಬೇಕು, ಇಲ್ಲದಿದ್ದರೆ ಇಲ್ಲೇ ಮಲಗಬೇಕು. ಮನೆಯಲ್ಲಿ ಕುಡಿದರೆ ತಾನೇ ಕೀ ಕೇಳುವುದಕ್ಕೆ ಆಗುವುದು?"

ನಾನು ಆ ಟ್ರಕ್ಕನ್ನೇ ನೋಡುತ್ತಾ ಬಹಳ ಹೊತ್ತು ಕೂತೆ.

ಮೂರನೆಯ ಸಂಜೆ

ಆ ದಿನ ಎಲ್ಲರೂ ಸೇರಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಒಂದು ಪಲ್ಪಿಂಗ್ ಘಟಕ ನೋಡಲು ಹೋಗಿದ್ದೆವು. ಮಂಜಣ್ಣ ಮತ್ತು ಗೆಳೆಯರು ಒಂದು ಮೂಲೆಗೆ ಸೇರಿ ಯಾರ ಮನೆಯಲ್ಲಿ ಎಂಥ ಟೆಕಿಲಾ ಸಿಕ್ಕಿತು ಎಂದು ಪಿಸುಗುಡುತ್ತಿದ್ದರು. ನಮ್ಮ ಮನೆಯವರ ಸರದಿ ಬಂದಾಗ, "ನಮ್ಮನೇಲಿ ಹಾಲು ಚೆನ್ನಾಗೈತೆ," ಎಂದು ಮಾತು ಮುಗಿಸಿದರು. ಮಂಜಣ್ಣ ಬಿದ್ದುಬಿದ್ದು ನಕ್ಕರು. ನನಗೆ ಮೊದಲೆರಡು ದಿನ ಬಂದಿದ್ದ ನಗು ಅವತ್ತು ಬರಲಿಲ್ಲ. ಪಾಪ ಅನ್ನಿಸಿತು.

ಸಂಜೆ ನನ್ನ ಲೋಟ ಮುಗಿದ ಮೇಲೆ, ಅಜ್ಜಿ ರೊಟ್ಟಿ ತಟ್ಟುತ್ತಿದ್ದಾಗ ನಾವಿಬ್ಬರೂ ಕಾಫಿ ಒಣಗಿಸುವ ಕಣದ ಕಟ್ಟೆಯ ಮೇಲೆ ಕೂತೆವು. ಕುಯ್ಲು ಮುಗಿದು ಕಣ ಖಾಲಿಯಾಗಿತ್ತು. ನಮ್ಮ ಮನೆಯವರು ಕೈ ಕೆರೆದುಕೊಳ್ಳುತ್ತಾ ಕೇಳಿದರು, "ಹೆಂಗೈತೆ ಅದು?"

"ಯಾವ್ದು?"

"ಅದೇ. ನೀನು ಕುಡಿಯೋದು."

"ಚೆನ್ನಾಗೈತೆ. ನೀವು ಶನಿವಾರ ಕುಡಿಯೋದು ಹೆಂಗಿರ್ತದೆ?"

ಬಾಯಿಂದ ಬಂದುಬಿಟ್ಟಿತು. ಒಂದು ಲೋಟ ಪಲೋಮದ ಧೈರ್ಯವಾಗಿರಬಹುದು, ಊರಿಂದ ದೂರವಿದ್ದ ಧೈರ್ಯವೂ ಆಗಿರಬಹುದು. ಅವರು ಕೆರೆದುಕೊಳ್ಳುವುದನ್ನು ನಿಲ್ಲಿಸಿದರು.

"ನಿಂಗೆ ಯಾರು ಹೇಳಿದ್ದು?"

"ಯಾರು ಹೇಳ್ಬೇಕು? ಏಲಕ್ಕಿ ಬೆಳೆಯೋರ ಮನೇಲಿ ಏಲಕ್ಕಿ ವಾಸನೆ ಯಾವುದಕ್ಕೆ ಅಂತ ಗೊತ್ತಾಗಲ್ವಾ?"

ನಾನು ನಿಲ್ಲಿಸಲಿಲ್ಲ. "ನೀವು ಕುಡಿಯೋದಕ್ಕೆ ನಾನೇನೂ ಅನ್ನಲ್ಲ ಕಣ್ರೀ. ಶನಿವಾರ ನೀವು ಬರೋಗಂಟ ನಾನು ಜೀಪಿನ ಸದ್ದು ಕೇಳಿಸ್ಕೊಂಡು ಬಿದ್ದಿರ್ತೀನಿ. ಪ್ರತಿ ತಿರುವೂ ಲೆಕ್ಕ ಹಾಕ್ತೀನಿ. ನಿಮ್ಮ ಸ್ನೇಹಿತರು ಬಿದ್ದ ಮೇಲಂತೂ ನಂಗೆ ಜೀವಾನೇ ಇಲ್ಲ."

"ನೀನು ಮಲಗಿರ್ತೀಯಲ್ಲ."

"ಕಣ್ಣು ಮುಚ್ಕೊಂಡಿರ್ತೀನಿ."

ಅವರು ಕುಡಿದಿಲ್ಲ ಎಂದು ನಟಿಸುತ್ತಾ ಮೆಲ್ಲಗೆ ಬಂದು ಮಲಗುತ್ತಿದ್ದರು. ನಾನು ನಿದ್ದೆಯಲ್ಲಿದ್ದೇನೆ ಎಂದು ನಟಿಸುತ್ತಾ ಗೋಡೆಯ ಕಡೆ ತಿರುಗುತ್ತಿದ್ದೆ. ಮದುವೆಯಾದಂದಿನಿಂದ ಹೀಗೇ ನಡೆದಿತ್ತು. ಸಾವಿರಾರು ಮೈಲಿ ಬಂದು ಬೇರೆಯವರ ಕಣದ ಕಟ್ಟೆಯ ಮೇಲೆ ಕೂತಾಗ ನಮಗಿಬ್ಬರಿಗೂ ಅದು ಗೊತ್ತಾಯಿತು. ನನಗೆ ಅಳು ಬಂತು. ಅವರು ಸಮಾಧಾನದ ಮಾತು ಆಡಲಿಲ್ಲ, ಆಡುವವರೂ ಅಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಒಳಗೆ ಹೋಗಾನ, ಅಜ್ಜಿ ಕಾಯ್ತಿರ್ತಾರೆ," ಎಂದರು. ಆ ಸಂಜೆಯೂ ಹಾಲನ್ನೇ ಕುಡಿದರು.

ಕೊನೆಯ ಸಂಜೆ

ಮರುದಿನ ಹೊರಡುವುದಿತ್ತು. ನಾನು ತಂದಿದ್ದ ಕಾಫಿಪುಡಿ ಬಿಚ್ಚಿ ಅಜ್ಜಿಗೆ ನಮ್ಮ ಕಾಫಿ ಮಾಡಿಕೊಟ್ಟೆ. ಒಂದು ಗುಟುಕು ಕುಡಿದು, ಇದರಲ್ಲಿ ಯಾವುದೋ ಬೇರು ಇದೆ ಎಂದರು. ಚಿಕೋರಿ ಎಂದು ಒಪ್ಪಿಕೊಂಡೆ. ಒಳ್ಳೆಯ ಕಾಫಿ ಬೆಳೆದು ಅದಕ್ಕೆ ಬೇರು ಯಾಕೆ ಬೆರೆಸುತ್ತೀರಿ ಎಂದರು. ನೀವು ಕಾಫಿಗೆ ಚಕ್ಕೆ ಬೆರೆಸುವುದಿಲ್ಲವೇ ಎಂದೆ. ಇಬ್ಬರೂ ಲೋಟ ಖಾಲಿ ಮಾಡಿದೆವು.

ಊಟದ ಹೊತ್ತಿಗೆ ಅಜ್ಜಿ ಹಾಲಿನ ಪಾತ್ರೆ ಒಲೆಯ ಮೇಲಿಡಲು ಹೋದರು. ನಮ್ಮ ಮನೆಯವರು ಎದ್ದು ನಿಂತರು. ಮುಖ ಕೆಂಪಾಗಿತ್ತು.

"ಸುಮಿತ್ರ, ಅವ್ರಿಗೆ ಹೇಳು," ಎಂದರು.

"ಏನಂತ?"

"ನಾನು ಕುಡೀತೀನಿ ಅಂತ."

"ನೀವೇ ಹೇಳಿ. ಇಲ್ಲ ಅಂದಿದ್ದು ನೀವೇ ತಾನೆ."

ಅವರು ಮಾರ್ತಾಳ ಕಡೆ ತಿರುಗಿ, ಇಂಗ್ಲಿಷಿನಲ್ಲಿ ಒಂದೊಂದೇ ಪದ ಹುಡುಕಿ ಹೇಳಿದರು. ತಾನು ಕುಡಿಯುತ್ತೇನೆ. ಬಹಳ ವರ್ಷದಿಂದ. ನಿಮ್ಮ ತಾಯಿಗೆ ಸುಳ್ಳು ಹೇಳಿದೆ. ಮಾರ್ತಾ ಅದನ್ನು ಅಜ್ಜಿಗೆ ಹೇಳಿದಳು.

ಅಜ್ಜಿ ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. ಹಾಲಿನ ಪಾತ್ರೆ ಕೆಳಗಿಟ್ಟು, ಯಾಕೆ ಸುಳ್ಳು ಹೇಳಿದ ಎಂದು ಕೇಳಿದರು. ಬೇಸರವಾದಂತಿತ್ತು. ನಾನು ಬಿಡಿಸಿ ಹೇಳಿದೆ. ನಮ್ಮ ಕಡೆ ಗಂಡಸರು ತಾಯಿಯ ಎದುರು ಕುಡಿಯುವುದಿಲ್ಲ, ಅದು ಗೌರವ. ನಿಮ್ಮನ್ನು ತಾಯಿ ಎಂದುಕೊಂಡರು, ಹಾಗಾಗಿ ಹಾಗೆ ಹೇಳಿದರು.

ಅಜ್ಜಿ ಇದನ್ನು ಪೂರ್ತಿ ಕೇಳಿದರು. ಆಮೇಲೆ ಮಾರ್ತಾಳ ಮೂಲಕ ಒಂದೇ ಒಂದು ಪ್ರಶ್ನೆ ಕೇಳಿದರು.

"ಹಾಗಾದರೆ ನಿಮ್ಮ ಕಡೆಯ ತಾಯಂದಿರಿಗೆ ಮಗ ಎಲ್ಲಿದ್ದಾನೆ, ಹೇಗಿದ್ದಾನೆ ಎಂದು ಗೊತ್ತಾಗುವುದು ಹೇಗೆ?"

ನಾನು ನಮ್ಮ ಮನೆಯವರನ್ನು ನೋಡಿದೆ, ಅವರು ನನ್ನನ್ನು ನೋಡಿದರು.

ಅಜ್ಜಿ ಬಾಟಲಿಯನ್ನು ನನ್ನ ಮುಂದಕ್ಕೆ ತಳ್ಳಿದರು. ನಾನೇ ಮಾಡಬೇಕೆಂದು ಅರ್ಥ. ಉಪ್ಪು ಹರಡಿದೆ, ಅಂಚು ಒರೆಸಿದೆ, ಎರಡು ಬೆರಳಿಟ್ಟು ಅಳೆದೆ, ನಿಂಬೆ ಹಿಂಡಿದೆ, ರಸ ಸುರಿದೆ, ಐಸು ಹಾಕಿ ಸೋಡಾ ತುಂಬಿಸಿದೆ. ಗಂಡನಿಗೆ ಸಾವಿರಾರು ಲೋಟ ಕಾಫಿ ಕೊಟ್ಟ ಕೈಯಿಂದಲೇ ಆ ಲೋಟವನ್ನೂ ಕೊಟ್ಟೆ. ಅವರು ಅಭ್ಯಾಸಬಲದಿಂದ ಗೋಡೆಯ ಕಡೆ ತಿರುಗಿ ಕುಡಿಯಲು ಹೋದರು. ಅಜ್ಜಿ ಅವರ ಭುಜ ಹಿಡಿದು ಮೇಜಿನ ಕಡೆ ತಿರುಗಿಸಿ ಕೂರಿಸಿದರು.

ಅರ್ಧ ಲೋಟ ಕುಡಿದು ಕೆಳಗಿಟ್ಟು ನಮ್ಮ ಮನೆಯವರು ಹೇಳಿದ್ದು ಇಷ್ಟು. "ಉಪ್ಪು ಒಂಚೂರು ಜಾಸ್ತಿ ಆಯ್ತು."

ಮತ್ತೆ ವನಗೂರು

ಕಳೆದುಹೋಗಿದ್ದ ಸೂಟ್‌ಕೇಸ್ ನಾವು ಬಂದ ಮೇಲೆ ಬಂತು. ಅಜ್ಜಿ ಕೊಟ್ಟ ಒಂದು ಬಾಟಲಿ ಟೆಕಿಲಾ ನನ್ನ ಸೀರೆಗಳ ನಡುವೆ ಒಡೆಯದೆ ಬಂದಿತ್ತು. ಅದನ್ನು ಅಡುಗೆಮನೆಯ ಕಪಾಟಿನಲ್ಲಿ, ಎಳ್ಳೆಣ್ಣೆಯ ಪಕ್ಕ ಇಟ್ಟೆ. ನಮ್ಮ ಮನೆಯವರು ಅದನ್ನು ಎರಡು ಸಲ ಸ್ಟೋರಿಗೆ ಸಾಗಿಸಿದರು. ಎರಡು ಸಲವೂ ನಾನು ವಾಪಸು ತಂದಿಟ್ಟೆ.

ಹಿತ್ತಲಿನ ಚಕ್ಕೋತ ಹಣ್ಣಾಗುವುದಕ್ಕೆ ದೀಪಾವಳಿಯವರೆಗೂ ಕಾಯಬೇಕಾಯಿತು. ಮೊದಲ ಸಲ ಮಾಡಿದ್ದು ಕೆಟ್ಟಿತು. ಸಿಪ್ಪೆಯ ಒಳಗಿನ ಬಿಳಿ ಭಾಗವನ್ನೂ ಸೇರಿಸಿ ಹಿಂಡಿದ್ದರಿಂದ ಬೇವಿನ ಕಷಾಯವಾಗಿತ್ತು. ಎರಡನೆಯ ಸಲ ತೊಳೆಯ ಪೊರೆ ಬಿಡಿಸಿ, ಬರೀ ಎಸಳನ್ನು ಬಟ್ಟೆಯಲ್ಲಿ ಹಿಂಡಿ ರಸ ತೆಗೆದೆ. ಸಕಲೇಶಪುರದಿಂದ ತರಿಸಿದ್ದ ಗೋಲಿ ಸೋಡಾ ಒಡೆದೆ. ನಮ್ಮ ಚಕ್ಕೋತದಲ್ಲಿ ಕಹಿ ಕಡಿಮೆ, ಪರಿಮಳ ಹೆಚ್ಚು. ಕೊಂಪೊಸ್ತೆಲಾದ್ದಕ್ಕಿಂತ ಇದೇ ಚೆನ್ನಾಗಿತ್ತು ಎಂದರೆ ಎಲೆನಾ ಅಜ್ಜಿ ಒಪ್ಪುವುದಿಲ್ಲ.

ಎರಡು ಲೋಟ ಹಿಡಿದು ನಡುಮನೆಗೆ ಬಂದೆ. ಅತ್ತೆ ಅಲ್ಲೇ ಕೂತು ಮೆಣಸು ಆರಿಸುತ್ತಿದ್ದರು. ನಮ್ಮ ಮನೆಯವರು ಕಣ್ಣಿನಲ್ಲೇ ಬೇಡ ಬೇಡ ಎಂದರು.

"ಏನವ್ವ ಅದು?" ಎಂದರು ಅತ್ತೆ.

"ಚಕ್ಕೋತದ ರಸ ಅತ್ತೆ. ಹೆಂಡನೂ ಐತೆ ಅದ್ರಲ್ಲಿ."

ಅತ್ತೆ ಮಗನನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದರು. "ನಂಗೆ ಬರೀ ರಸ ಕೊಡು," ಎಂದು ಮತ್ತೆ ಮೆಣಸಿಗೆ ಕೈ ಹಾಕಿದರು. ನಮ್ಮ ಮನೆಯವರು ಲೋಟ ತೆಗೆದುಕೊಂಡರು, ಆದರೆ ಅತ್ತೆ ಎದ್ದು ಒಳಗೆ ಹೋಗುವವರೆಗೂ ಅದನ್ನು ತುಟಿಗೆ ಮುಟ್ಟಿಸಲಿಲ್ಲ. ಐಸೆಲ್ಲ ಕರಗಿಹೋಗಿತ್ತು.

ಆ ಬಾಟಲಿಯಿಂದಲೇ ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಚಕ್ಕೋತದ ಕಾಲ ಮುಗಿಯುವ ಮುಂಚೆ ಬಾಟಲಿ ಖಾಲಿಯಾಯಿತು. ಶನಿವಾರದ ಕ್ಲಬ್ಬು ನಿಲ್ಲಲಿಲ್ಲ. ಏಲಕ್ಕಿ ಜಗಿಯುವುದನ್ನು ಮಾತ್ರ ಬಿಟ್ಟರು. ಜೀಪಿನ ಸದ್ದಿಗೆ ಕಿವಿಗೊಟ್ಟು ನಾನು ಮಲಗುವುದು ಹಾಗೇ ಮುಂದುವರಿಯಿತು. ಹೇಳಿದ್ದೆಲ್ಲ ಅಲ್ಲಿಯ ಕಣದ ಮೇಲೆಯೇ ಉಳಿಯಿತಲ್ಲ ಎಂದು ನನಗೆ ಬೇಸರವೂ ಸಿಟ್ಟೂ ಬಂದಿತ್ತು.

ಹೀಗಿರುವಾಗ ಒಂದು ಶನಿವಾರ ಅತ್ತೆಗೆ ಊಟ ಬಡಿಸುತ್ತಿದ್ದಾಗ ಫೋನು ಬಂತು. ಹಿಂದಿನಿಂದ ಗಲಾಟೆ ಕೇಳಿಸುತ್ತಿತ್ತು. ಮಂಜಣ್ಣನ ನಗುವೂ ಇತ್ತು.

"ನಾನು ಕಣೇ," ಎಂದರು ನಮ್ಮ ಮನೆಯವರು. "ಕುಡಿದಿದೀನಿ. ಜಾಸ್ತಿನೇ ಆಗ್ಬುಟ್ಟೈತೆ. ಜೀಪು ಇಲ್ಲೇ ಬಿಟ್ಟು ಆಟೋದಲ್ಲಿ ಆನೇಮಹಲ್‌ಗೆ ಹೋಗಿ ತಂಗಿ ಮನೇಲಿ ಮಲಗ್ತೀನಿ. ಬೆಳಿಗ್ಗೆ ಬರ್ತೀನಿ."

"ಹೂಂ," ಎಂದೆ.

"ನೀನು ಮಲಕ್ಕೋ," ಎಂದು ಫೋನಿಟ್ಟರು.

ಕೈಯಲ್ಲಿ ಸೌಟು ಹಿಡಿದು ಹಾಗೇ ನಿಂತಿದ್ದೆ. ಅತ್ತೆ ತಟ್ಟೆಯಿಂದ ಕೈ ತೆಗೆದು ಕೇಳಿದರು. "ಎಲ್ಲವ್ನೆ?"

"ಆನೇಮಹಲ್‌ಗೆ ಹೋಯ್ತವ್ರಂತೆ ಅತ್ತೆ. ಕುಡಿದವ್ರೆ, ಗಾಡಿ ಓಡ್ಸಲ್ವಂತೆ. ಅಲ್ಲೇ ಮಲಗ್ತಾರೆ."

ಅತ್ತೆ ನನ್ನ ಮುಖವನ್ನೇ ನೋಡಿದರು. ಅವರ ಕಣ್ಣು ತುಂಬಿತ್ತು. ಇಷ್ಟು ವರ್ಷ ನಾನೊಬ್ಬಳೇ ಎದ್ದಿರುತ್ತೇನೆ ಎಂದುಕೊಂಡಿದ್ದೆ.

"ಹಂಗಾದ್ರೆ ಬಾಗ್ಲು ಹಾಕವ್ವ," ಎಂದರು. "ಇವತ್ತು ಇಬ್ರೂ ನಿದ್ದೆ ಮಾಡಾನ."